ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಳ್ಳೋ ಮುಂಚೆ: ನಮ್ಮ ಕರಾವಳಿ, ಘಟ್ಟದ ಕಡೆಯವರು ಬಾಡಿ, ಲೆನ್ಸ್ ಚೆಕ್ ಮಾಡೋದು ಹೇಗೆ

ಕಾರವಾರ, ಕುಮಟಾ, ಶಿರಸಿ ಕಡೆ ಹಳೇ ಕ್ಯಾಮೆರಾ ನೋಡೋಕೆ ಹೋದವ್ರು ಮೊದ್ಲು ಕೇಳೋ ಪ್ರಶ್ನೆ ಒಂದೇ, "ಅಣ್ಣ, ಶಟರ್ ಕೌಂಟ್ ಎಷ್ಟಾಗಿದೆ?" ಅಂದ್ರೆ ಇಲ್ಲೀ ತನಕ ಎಷ್ಟು ಕ್ಲಿಕ್ ಹೊಡೆದಿದೆ ಅಂತ. ಕೇಳೋದು ತಪ್ಪಲ್ಲ, ಕೇಳ್ಬೇಕು, ಆದ್ರೆ ನಾನು ನೋಡಿದ ಮಟ್ಟಿಗೆ ನಮ್ಮ ಜಿಲ್ಲೇಲಿ ಕ್ಯಾಮೆರಾ ಹಾಳಾಗೋದು ಶಟರ್ ಸವೆದು ಅಲ್ಲ ಮಾರಾಯ್ರೆ. ಕೆಳಗೆ ಸಮುದ್ರದ ಉಪ್ಪುಗಾಳಿ, ಮೇಲೆ ಘಟ್ಟದ ಮಳೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಬ್ಯಾಗೊಳಗೆ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು, ಲೆನ್ಸನ್ನೂ ಬಾಡಿಯನ್ನೂ ಜೋಡಿಸೋ ಲೋಹದ ಕಾಂಟ್ಯಾಕ್ಟಿಗೆ ಕಿಲುಬು, ಇವೇ ಮುಗಿಸೋದು. ಇನ್ನೊಂದು ದೊಡ್ಡ ನಷ್ಟ ಆಗೋದು ಬಾಡಿ ಒಂದು, ಲೆನ್ಸ್ ಇನ್ನೊಂದು ತಗೊಂಡು ಎರಡಕ್ಕೂ ಹೊಂದಾಣಿಕೆನೇ ಇಲ್ಲ ಅಂತ ಆಮೇಲೆ ಗೊತ್ತಾದಾಗ. ಇವೆರಡನ್ನೂ ದುಡ್ಡು ಕೊಡೋ ಮುಂಚೆನೇ ಕಂಡುಹಿಡೀಬಹುದು, ಅದಕ್ಕೆ ಮೆಕ್ಯಾನಿಕ್ ಆಗಿರ್ಬೇಕು ಅಂತೇನಿಲ್ಲ.

ಹೋಗುವಾಗ ಏನೇನು ತಗೊಂಡು ಹೋಗ್ಬೇಕು

ನಿಮ್ಮದೇ ಒಂದು ಮೆಮೊರಿ ಕಾರ್ಡ್, ಟಾರ್ಚ್ ಇರೋ ಮೊಬೈಲು, ಸಾಧ್ಯ ಆದ್ರೆ ಒಂದು ಲ್ಯಾಪ್‌ಟಾಪು. ಅದೇ ಕಂಪನಿ ಕ್ಯಾಮೆರಾ ಇರೋ ಗೆಳೆಯ ಸಿಕ್ಕಿದ್ರೆ ಅವ್ನನ್ನ ಅವನ ಬಾಡಿ, ಲೆನ್ಸ್, ಬ್ಯಾಟರಿ ಸಮೇತ ಎಳ್ಕೊಂಡು ಹೋಗಿ, ಯಾಕೆ ಅಂತ ಮುಂದೆ ಗೊತ್ತಾಗತ್ತೆ. ಹಗಲು ಹೊತ್ತಲ್ಲೇ ಹೋಗಿ. ಸಂಜೆ ಬಸ್ ಸ್ಟ್ಯಾಂಡ್ ಹತ್ರ ಹೋಟೆಲಲ್ಲಿ ಚಾ ಕುಡೀತಾ ಟ್ಯೂಬ್‌ಲೈಟ್ ಬೆಳಕಲ್ಲಿ ನೋಡಿ ತಗೊಂಡ್ರೆ ಅರ್ಧ ದೋಷ ಕಣ್ಣಿಗೇ ಬೀಳಲ್ಲ. ಬಿಲ್ಲು, ಬಾಕ್ಸು ಇದ್ಯಾ ಅಂತ ಫೋನಲ್ಲೇ ಕೇಳಿ, ಬಾಡಿ ಅಡಿಯಲ್ಲಿರೋ ಸೀರಿಯಲ್ ನಂಬರ್ ಬಿಲ್ಲಿನ ಜೊತೆ ತಾಳೆ ಆಗ್ಬೇಕು. ಕದ್ದ ಮಾಲಿನ ರಗಳೆ ನಮಗೆ ಬೇಡ.

ಮೊದ್ಲು ಆನ್ ಮಾಡ್ಬೇಡಿ, ಸುಮ್ನೆ ನೋಡಿ

ಕ್ಯಾಮೆರಾ ಕೈಗೆ ಬಂದ ಕೂಡ್ಲೇ ಫೋಟೋ ಹೊಡಿಯೋ ಆಸೆ ಆಗತ್ತೆ, ತಡೀರಿ. ಉಪ್ಪುಗಾಳಿ ತಿಂದ ಕ್ಯಾಮೆರಾ ತನ್ನ ಕಥೆ ತಾನೇ ಹೇಳತ್ತೆ. ಅಡಿಯಲ್ಲಿರೋ ಸಣ್ಣ ಸ್ಕ್ರೂಗಳ ತಲೆ ನೋಡಿ, ಬೆಲ್ಟ್ ಕಟ್ಟೋ ಕೊಂಡಿ ನೋಡಿ, ಮೇಲೆ ಫ್ಲಾಶ್ ಕೂರೋ ಹಾಟ್ ಶೂ ಒಳಗೆ ನೋಡಿ, ಟ್ರೈಪಾಡ್ ಸ್ಕ್ರೂ ತೂತು ನೋಡಿ. ಕಂದು ಬಣ್ಣದ ತುಕ್ಕು ಅಥವಾ ಬಿಳಿ ಪುಡಿ ಕಂಡ್ರೆ ಆ ಕ್ಯಾಮೆರಾ ಬೀಚಲ್ಲಿ ಒದ್ದೆಯಾಗಿದೆ ಅಥವಾ ವರ್ಷಗಟ್ಟಲೆ ಒರೆಸದೇ ಇಟ್ಟಿದಾರೆ ಅಂತ ಲೆಕ್ಕ. ಬ್ಯಾಟರಿ ಮುಚ್ಚಳ ತೆಗೆದು ಒಳಗಿನ ತಗಡಿನ ಪಟ್ಟಿಗಳ ಮೇಲೆ ಹಸಿರು ಕಿಲುಬು ಇದ್ಯಾ ನೋಡಿ, ಯುಎಸ್‌ಬಿ ಪೋರ್ಟಿನ ರಬ್ಬರ್ ಮುಚ್ಚಳ ಎತ್ತಿ ಅಲ್ಲೂ ಟಾರ್ಚ್ ಬಿಡಿ. ಹೊರಗಿನ ಬಣ್ಣ ಹೋಗಿದ್ರೆ, ಹಿಡಿಕೆ ರಬ್ಬರ್ ಎದ್ದಿದ್ರೆ ಅದಕ್ಕೆ ತಲೆ ಕೆಡಿಸ್ಕೊಳ್ಳೋದು ಬೇಡ, ಅದು ದರ ಇಳಿಸೋಕೆ ಒಳ್ಳೇ ಕಾರಣ ಅಷ್ಟೆ. ಆದ್ರೆ ಸ್ಕ್ರೂ ತುಕ್ಕು ಹಿಡಿದಿದ್ರೆ ನಾನಾಗಿದ್ರೆ ಮುಂದೆ ನೋಡೋದೇ ಇಲ್ಲ, ಎಷ್ಟೇ ಕಡಿಮೆಗೆ ಕೊಟ್ರೂ. ಹೊರಗಿನ ಸ್ಕ್ರೂಗೆ ಬಂದಿದ್ದು ಒಳಗಿನ ಬೋರ್ಡಿಗೂ ಬಂದಿರೋ ಸಾಧ್ಯತೆ ಜಾಸ್ತಿ.

ಬ್ಯಾಟರಿ ಉಬ್ಬಿದ್ಯಾ ಅಂತ ಟೇಬಲ್ ಮೇಲೆ ಇಟ್ಟು ನೋಡಿ, ಚಪ್ಪಟೆಯಾಗಿ ಕೂರ್ಬೇಕು. ಸಿಎಫ್ (ಕಾಂಪ್ಯಾಕ್ಟ್ ಫ್ಲಾಶ್) ಕಾರ್ಡ್ ಹಾಕೋ ಹಳೇ ಮಾಡೆಲ್ ಆದ್ರೆ ಸ್ಲಾಟ್ ಒಳಗೆ ಟಾರ್ಚ್ ಬಿಟ್ಟು ಪಿನ್ನುಗಳೆಲ್ಲ ನೆಟ್ಟಗಿದಾವಾ ನೋಡಿ, ಒಂದು ಬಗ್ಗಿದ್ರೂ ಕಾರ್ಡ್ ಓದಲ್ಲ.

ಲೆನ್ಸ್ ಒಳಗಿನ ಫಂಗಸ್, ಇದಕ್ಕೆ ಟೈಮ್ ಕೊಡಿ

ನಮ್ಮ ಕಡೆಯವರಿಗೆ ಇದೇ ಮುಖ್ಯ. ಲೆನ್ಸನ್ನ ಬಾಡಿಯಿಂದ ಬಿಚ್ಚಿ, ಎರಡೂ ಕಡೆ ಕ್ಯಾಪ್ ತೆಗೀರಿ. ಕ್ಯಾನನ್ ಇಎಫ್ ಲೆನ್ಸ್ ಆದ್ರೆ ಬಿಚ್ಚಿದಾಗ ಅಪರ್ಚರ್ (ಬೆಳಕು ಒಳಗೆ ಬಿಡೋ, ಬ್ಲೇಡುಗಳಿರೋ ಕಿಂಡಿ) ಪೂರ್ತಿ ತೆರೆದೇ ಇರತ್ತೆ, ತೊಂದ್ರೆ ಇಲ್ಲ. ನಿಕಾನ್ ಎಫ್ ಮೌಂಟಿನ (ಮೌಂಟ್ ಅಂದ್ರೆ ಲೆನ್ಸು ಬಾಡಿಗೆ ಕೂರೋ ಬಳೆ) ಹೆಚ್ಚಿನ ಲೆನ್ಸಲ್ಲಿ ಬಿಚ್ಚಿದ ಕೂಡ್ಲೇ ಬ್ಲೇಡುಗಳು ಮುಚ್ಕೊಂಡು ಒಳಗೆ ಏನೂ ಕಾಣಲ್ಲ, ಹಿಂದುಗಡೆ ಒಂದು ಸಣ್ಣ ಲೋಹದ ಕಡ್ಡಿ ಇರತ್ತೆ ನೋಡಿ, ಅದನ್ನ ಉಗುರಲ್ಲಿ ಮೆತ್ತಗೆ ಸರಿಸಿ ಹಿಡ್ಕೊಂಡ್ರೆ ಬ್ಲೇಡ್ ತೆರ್ಕೊಳ್ಳತ್ತೆ. ಹಾಗೇ ಬಿಟ್ಟಾಗ ಟಕ್ ಅಂತ ವಾಪಸ್ ಮುಚ್ಬೇಕು. ನಿಧಾನಕ್ಕೆ ಬಂದ್ರೆ, ಅಥವಾ ಬ್ಲೇಡ್ ಮೇಲೆ ಎಣ್ಣೆ ಹೊಳಪು ಕಂಡ್ರೆ ಆ ಲೆನ್ಸ್ ಫೋಟೋನೆಲ್ಲ ಬೇಕಾದ್ದಕ್ಕಿಂತ ಬೆಳ್ಳಗೆ, ಅಂದ್ರೆ ಓವರ್ ಎಕ್ಸ್‌ಪೋಸ್ ಮಾಡತ್ತೆ.

ಈಗ ಮೊಬೈಲ್ ಟಾರ್ಚನ್ನ ಹಿಂದುಗಡೆಯಿಂದ ಸ್ವಲ್ಪ ಓರೆಯಾಗಿ ಹಿಡೀರಿ, ನೀವು ಮುಂದಿನಿಂದ ನೋಡಿ, ನೇರ ಬೆಳಕು ಕಣ್ಣಿಗೆ ಹೊಡೀಬಾರ್ದು. ಟಾರ್ಚನ್ನ ಸುತ್ತ ತಿರುಗಿಸ್ತಾ ಹೋಗಿ. ಆಮೇಲೆ ಉಲ್ಟಾ, ಟಾರ್ಚ್ ಮುಂದೆ, ಕಣ್ಣು ಹಿಂದೆ. ಜೂಮ್ ಲೆನ್ಸ್ ಆದ್ರೆ ಈ ತುದಿಯಿಂದ ಆ ತುದಿಗೆ ತಿರುಗಿಸ್ತಾ ನೋಡಿ, ಒಳಗಿನ ಗಾಜು ಹಿಂದೆ ಮುಂದೆ ಹೋಗುವಾಗ ಬೇರೆ ಬೇರೆ ಪದರ ಕಾಣತ್ತೆ. ಅಂಚಿನಿಂದ ಮಧ್ಯಕ್ಕೆ ಜೇಡರ ಬಲೆ ತರ ಕವಲೊಡೆದ ತೆಳು ಗೆರೆ ಕಂಡ್ರೆ ಅದು ಫಂಗಸ್. ಗೆರೆ ಇಲ್ದೇ ಇಡೀ ಗಾಜೇ ಮಂಜು ಮಂಜಾಗಿ ಕಂಡ್ರೆ ಅದು ಹೇಜ್, ಒಳಗಿನ ಗ್ರೀಸ್ ಆವಿಯಾಗಿ ಕೂತಿರ್ಬಹುದು. ಚುಕ್ಕೆ ಚುಕ್ಕೆ ಇದ್ರೆ ಅದು ಬರೀ ಧೂಳು. ಧೂಳಿಗೆ ಹೆದರ್ಬೇಡಿ, ಫೋಟೋದಲ್ಲಿ ಅದು ಗೊತ್ತೇ ಆಗಲ್ಲ. ಮುಂದಿನ ಗಾಜಿನ ಮೇಲೆ ಒಂದು ಸಣ್ಣ ಗೀರು ಇದ್ರೂ ಹಾಗೇ. ಹಿಂದಿನ ಗಾಜಿನ ಮೇಲೆ ಗೀರು ಅಥವಾ ಫಂಗಸ್ ಇದ್ರೆ ಮಾತ್ರ ಗಂಭೀರ, ಅದು ಸೆನ್ಸರಿಗೆ ಹತ್ರ ಇರೋದ್ರಿಂದ ಚಿತ್ರದ ಮೇಲೆ ಪರಿಣಾಮ ಜಾಸ್ತಿ.

ಅಂಚಲ್ಲಿ ಮಾತ್ರ ಒಂದೆರಡು ಗೆರೆ ಇದ್ರೆ ಫೋಟೋಗೆ ಎಷ್ಟು ತೊಂದ್ರೆ ಆಗ್ತಿದೆ ಅಂತ ನೋಡೋಕೆ ಒಂದು ಉಪಾಯ ಇದೆ, ಕಿಟಕಿಗೆ ಬೆನ್ನು ಹಾಕಿ ಯಾರನ್ನಾದ್ರೂ ನಿಲ್ಸಿ ಬೆಳಕಿಗೆ ಎದುರಾಗಿ ಒಂದು ಫೋಟೋ ಹೊಡೀರಿ. ಕಪ್ಪು ತಲೆಗೂದಲು ಕಪ್ಪಾಗೇ ಬಂದ್ರೆ ಸರಿ, ಬೂದಿ ಬಣ್ಣಕ್ಕೆ ತಿರುಗಿ ಇಡೀ ಫೋಟೋ ಮಬ್ಬಾದ್ರೆ ಬೇಡ. "ಬಿಸಿಲಿಗೆ ಇಟ್ರೆ ಹೋಗತ್ತೆ ತಮ್ಮ" ಅಂತ ಮಾರೋರು ಹೇಳ್ತಾರೆ. ಬಿಸಿಲಿಗೆ ಬೆಳವಣಿಗೆ ನಿಲ್ಲಬಹುದು, ಆದ್ರೆ ಬಂದ ಗೆರೆ ಹೋಗಲ್ಲ, ಅದು ಗಾಜಿನ ಕೋಟಿಂಗನ್ನೇ ಕೊರೆದಿದ್ರೆ ಲೆನ್ಸ್ ಬಿಚ್ಚಿ ಒರೆಸಿದ್ರೂ ಗುರುತು ಉಳಿಯತ್ತೆ. ವ್ಯೂಫೈಂಡರ್ (ಕಣ್ಣಿಟ್ಟು ನೋಡೋ ಕಿಂಡಿ) ಒಳಗೆ ಫಂಗಸ್ ಕಂಡ್ರೆ ಅದು ಫೋಟೋದಲ್ಲಿ ಬರಲ್ಲ ನಿಜ, ಆದ್ರೆ ಆ ಕ್ಯಾಮೆರಾನ ಹೇಗೆ ಇಟ್ಟಿದ್ರು ಅಂತ ಅದೇ ಸಾಕ್ಷಿ.

ಇನ್ನು ಆನ್ ಮಾಡಿ

ನಿಮ್ಮ ಕಾರ್ಡ್ ಹಾಕಿ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಒಂದು ಮಾತು, ತುಂಬ ಹಳೇ ಕ್ಯಾಮೆರಾ 2 ಜಿಬಿಗಿಂತ ದೊಡ್ಡ ಕಾರ್ಡ್ ಓದದೇ ಇರ್ಬಹುದು, ಅದರ ಮೇಲಿನದು 32 ಜಿಬಿ ತನಕ ಎಸ್‌ಡಿಎಚ್‌ಸಿ, ಅದಕ್ಕೂ ಮೇಲೆ ಎಸ್‌ಡಿಎಕ್ಸ್‌ಸಿ. 64 ಜಿಬಿ ಕಾರ್ಡ್ ಹಾಕಿ "ಸ್ಲಾಟ್ ಹಾಳಾಗಿದೆ" ಅಂತ ತೀರ್ಮಾನ ಮಾಡೋ ಮುಂಚೆ ಚಿಕ್ಕ ಕಾರ್ಡ್ ಹಾಕಿ ನೋಡಿ.

ಸೆನ್ಸರ್ ಟೆಸ್ಟ್ ಸುಲಭ. ಅಪರ್ಚರ್ ಎಫ್/16 ಅಥವಾ 22ಕ್ಕೆ (ನಂಬರ್ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟು, ಫೋಕಸ್ ಮ್ಯಾನುವಲ್ ಮಾಡಿ, ಮೋಡ ಕವಿದ ಆಕಾಶದ ಅಥವಾ ಬಿಳಿ ಗೋಡೆಯ ಫೋಟೋ ತೆಗೀರಿ. ನಮ್ಮ ಮಳೆಗಾಲದ ಆಕಾಶ ಇದಕ್ಕೆ ಹೇಳಿ ಮಾಡ್ಸಿದ್ದು. ಲ್ಯಾಪ್‌ಟಾಪಲ್ಲಿ ದೊಡ್ಡದು ಮಾಡಿ ನೋಡಿದ್ರೆ ಬೂದು ಚುಕ್ಕೆಗಳು ಕಾಣ್ತಾವೆ, ಅದು ಧೂಳು, ಬ್ಲೋಯರಲ್ಲಿ ಅಥವಾ ಕ್ಲೀನಿಂಗಲ್ಲಿ ಹೋಗತ್ತೆ. ಅಂಚು ಚೂಪಾಗಿರೋ ಗೆರೆ ಕಂಡ್ರೆ ಅದು ಗೀರು ಇರ್ಬಹುದು, ಹಾಗಿದ್ರೆ ಬಿಟ್ಬಿಡಿ. ನಿಕಾನ್ ಡಿ600 ನೋಡ್ತಿದ್ರೆ ಈ ಟೆಸ್ಟ್ ಬಿಡ್ಲೇಬೇಡಿ, ಆ ಮಾಡೆಲಲ್ಲಿ ಸೆನ್ಸರ್ ಮೇಲೆ ಚುಕ್ಕೆ ಬೀಳೋ ದೂರು ಎಷ್ಟಿತ್ತು ಅಂದ್ರೆ 2014ರಲ್ಲಿ ಕಂಪನಿನೇ ಉಚಿತವಾಗಿ ಶಟರ್ ಬದಲಾಯ್ಸಿ ಕೊಡ್ತೀವಿ ಅಂತ ಹೇಳಿತ್ತು. ಬದಲಾಗಿದ್ಯಾ ಅಂತ ಮಾರೋರ ಹತ್ರ ಕೇಳಿ.

ಆಮೇಲೆ ಲೆನ್ಸ್ ಕ್ಯಾಪ್ ಮುಚ್ಚಿಟ್ಟು ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನೋ ಲೆಕ್ಕ) 800ರಲ್ಲಿ ಕೆಲವು ಸೆಕೆಂಡಿನ ಎಕ್ಸ್‌ಪೋಶರ್ ಕೊಡಿ. ಕಪ್ಪು ಫೋಟೋದಲ್ಲಿ ಕೆಂಪು, ನೀಲಿ, ಬಿಳಿ ಚುಕ್ಕೆ ನಾಲ್ಕಾರು ಕಂಡ್ರೆ ಸಾಮಾನ್ಯ. ಪಟ್ಟಿ, ಗೆರೆ ಬಂದ್ರೆ ಬೇಡ.

ಶಟರಿಗೆ, ಬಿಳಿ ಗೋಡೆಗೆ ಹಿಡಿದು 1/60 ಸೆಕೆಂಡಿಂದ ಶುರು ಮಾಡಿ ಕ್ಯಾಮೆರಾದ ಅತಿ ವೇಗದ ಸ್ಪೀಡ್ ತನಕ ಹೊಡೀತಾ ಹೋಗಿ, ಎಕ್ಸ್‌ಪೋಶರ್ ಒಂದೇ ಸಮ ಇರೋ ಹಾಗೆ ಐಎಸ್‌ಒ, ಅಪರ್ಚರ್ ಹೊಂದಿಸಿ. 1/2000, 1/4000ದಲ್ಲಿ ಫೋಟೋದ ಒಂದು ಬದಿ ಕಪ್ಪಾದ್ರೆ ಶಟರ್ ಪರದೆ ಸುಸ್ತಾಗಿದೆ. ಈ ಟೆಸ್ಟನ್ನ ಹಗಲು ಬೆಳಕಲ್ಲಿ ಮಾಡಿ, ಟ್ಯೂಬ್‌ಲೈಟ್, ಎಲ್‌ಇಡಿ ಬೆಳಕಲ್ಲಿ ಒಳ್ಳೇ ಕ್ಯಾಮೆರಾದಲ್ಲೂ ಪಟ್ಟಿ ಬರತ್ತೆ.

ಶಟರ್ ಕೌಂಟ್ ವಿಷ್ಯ ಹೇಳಿಬಿಡ್ತೀನಿ. ನಿಕಾನಲ್ಲಿ ಫೋಟೋ ಫೈಲಿನ ಎಕ್ಸಿಫ್ (ಫೈಲೊಳಗೆ ಕ್ಯಾಮೆರಾ ಬರೆದಿಡೋ ವಿವರ) ಮಾಹಿತೀಲೇ ಅದು ಇರತ್ತೆ, ಆದ್ರೆ ಈಗ ತಾನೇ ತೆಗೆದ ಒರಿಜಿನಲ್ ಫೈಲ್ ಬೇಕು, ವಾಟ್ಸಾಪಲ್ಲಿ ಕಳ್ಸಿದ್ದು ಉಪಯೋಗಕ್ಕೆ ಬರಲ್ಲ. ಕ್ಯಾನನ್‌ನ ಬಹಳಷ್ಟು ಮಾಡೆಲಲ್ಲಿ ಫೈಲಲ್ಲಿ ಸಿಗಲ್ಲ, ಕೇಬಲ್ ಹಾಕಿ ಸಾಫ್ಟ್‌ವೇರಲ್ಲಿ ನೋಡ್ಬೇಕು. ಡಿ3200, ಡಿ90, 60ಡಿ (ಇಲ್ಲಿ ಡಿ ಮೊದಲಲ್ಲಿದ್ರೆ ನಿಕಾನ್, ಕೊನೇಲಿದ್ರೆ ಕ್ಯಾನನ್) ಇವಕ್ಕೆ ಕಂಪನಿ ಹೇಳಿದ್ದು 1 ಲಕ್ಷ ಕ್ಲಿಕ್, ಡಿ7000, 7ಡಿ, 5ಡಿ ಮಾರ್ಕ್ 2ಕ್ಕೆ 1.5 ಲಕ್ಷ. ಅದು ಟೆಸ್ಟ್ ಮಾಡಿದ ಲೆಕ್ಕ, ಅಷ್ಟಕ್ಕೇ ನಿಂತು ಹೋಗತ್ತೆ ಅಂತಲ್ಲ. 70 ಸಾವಿರ ಓಡಿದ, ಒಣ ಜಾಗದಲ್ಲಿ ಇಟ್ಟ ಸ್ಟುಡಿಯೋ ಕ್ಯಾಮೆರಾನೇ 5 ಸಾವಿರ ಓಡಿ ಕಪಾಟಲ್ಲಿ ಮಳೆಗಾಲಗಳನ್ನ ಕಳೆದ ಕ್ಯಾಮೆರಾಕ್ಕಿಂತ ನನಗೆ ಇಷ್ಟ.

ಫೋಕಸಿಗೆ, ಓರೆಯಾಗಿ ಇಟ್ಟ ದಿನಪತ್ರಿಕೆಯ ಒಂದು ಸಾಲಿಗೆ ವ್ಯೂಫೈಂಡರಲ್ಲಿ ಫೋಕಸ್ ಮಾಡಿ ಒಂದು, ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನಲ್ಲಿ ನೋಡ್ತಾ) ಒಂದು ತೆಗೀರಿ. ಲೈವ್ ವ್ಯೂನದ್ದು ಚೂಪಾಗಿ ಬಂದು ವ್ಯೂಫೈಂಡರಿನದ್ದು ಮುಂದೆ ಹಿಂದೆ ಬಂದ್ರೆ ಫೋಕಸ್ ಹೊಂದಾಣಿಕೆ ತಪ್ಪಿದೆ. ಡಿ7000, 7ಡಿ ತರದ್ರಲ್ಲಿ ಮೆನುವಿನಲ್ಲೇ ಸರಿ ಮಾಡ್ಬಹುದು, ಡಿ3000, ಡಿ5000 ಸೀರೀಸಲ್ಲಿ, 60ಡಿಯಲ್ಲಿ ಆ ಆಯ್ಕೆನೇ ಇಲ್ಲ.

"ಇದು ಕೆಲ್ಸ ಮಾಡ್ತಿಲ್ಲ" ಅಂದಾಗ

ಕೆಟ್ಟಿದೆ ಅಂತ ಕಡಿಮೆಗೆ ಸಿಗೋ ಕ್ಯಾಮೆರಾ ಎಷ್ಟೋ ಸಲ ಕೆಟ್ಟಿರೋದೇ ಇಲ್ಲ. ಇಲ್ಲೇ ನಿಮ್ಮ ಗೆಳೆಯ ಬೇಕಾಗೋದು. ಒಂದು ಸಲಕ್ಕೆ ಒಂದೇ ವಸ್ತು ಬದಲಾಯ್ಸಿ, ಮೊದ್ಲು ಬ್ಯಾಟರಿ, ಆಮೇಲೆ ಕಾರ್ಡು, ಆಮೇಲೆ ಲೆನ್ಸು. ಎರಡನ್ನ ಒಟ್ಟಿಗೆ ಬದಲಾಯ್ಸಿದ್ರೆ ಯಾವುದು ದೋಷಿ ಅಂತ ಗೊತ್ತಾಗಲ್ಲ.

ಆನ್ ಆಗತ್ತೆ ಆದ್ರೆ ಬಟನ್ ಒತ್ತಿದ್ರೆ ಕ್ಲಿಕ್ ಆಗಲ್ಲ ಅಂದ್ರೆ ಲೆನ್ಸಿನ ಸ್ವಿಚ್ಚನ್ನ ಮ್ಯಾನುವಲ್ ಫೋಕಸಿಗೆ ಹಾಕಿ ಒತ್ತಿ. ಈಗ ಕ್ಲಿಕ್ ಆದ್ರೆ ಶಟರ್ ಸರಿ ಇದೆ, ಫೋಕಸ್ ಸಿಗದೇ ಕ್ಯಾಮೆರಾ ಬಿಡ್ತಿರ್ಲಿಲ್ಲ ಅಷ್ಟೆ. ವ್ಯೂಫೈಂಡರ್ ಮಸುಕಾಗಿದೆ ಅಂದ್ರೆ ಪಕ್ಕದ ಡಯಾಪ್ಟರ್ ಚಕ್ರ ತಿರುಗಿಸಿ. ಕಾರ್ಡ್ ಲಾಕ್ ಅಂದ್ರೆ ಕಾರ್ಡಿನ ಬದಿಯ ಸಣ್ಣ ಸ್ವಿಚ್ ನೋಡಿ. ಯಾರೋ ಸೆಟ್ಟಿಂಗೆಲ್ಲ ಅಡಿಮೇಲು ಮಾಡಿದ್ರೆ ಮೆನುವಿನಲ್ಲಿ ರಿಸೆಟ್ ಕೊಟ್ಟು ಶುರು ಮಾಡಿ. ನಿಕಾನಲ್ಲಿ ಎಫ್ ಇ ಇ ಅಂತ ಮಿಣುಕಿದ್ರೆ ಅದು ದೋಷ ಅಲ್ಲ, ಲೆನ್ಸಿನ ಅಪರ್ಚರ್ ರಿಂಗನ್ನ ಅತಿ ದೊಡ್ಡ ನಂಬರಿಗೆ, ಅಂದ್ರೆ 16ಕ್ಕೋ 22ಕ್ಕೋ ತಿರುಗಿಸಿ ಇಡ್ಬೇಕು.

ಕ್ಯಾನನಲ್ಲಿ ನಮ್ಮ ಕಡೆ ಹೆಚ್ಚು ನೋಡೋದು ಎರರ್ 01, ಲೆನ್ಸಿಗೂ ಬಾಡಿಗೂ ಮಾತುಕತೆ ನಿಂತಿದೆ ಅಂತ ಅರ್ಥ. ಕಾಂಟ್ಯಾಕ್ಟಿನ ಚಿನ್ನದ ಬಣ್ಣದ ಚುಕ್ಕೆಗಳನ್ನ ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ತಾಗಿಸಿದ ನೂಲು ಬಿಡದ ಬಟ್ಟೇಲಿ ಎರಡೂ ಕಡೆ ಒರೆಸಿ, ಒಣಗಿದ ಮೇಲೆ ಹಾಕಿ. ಪೆನ್ಸಿಲ್ ರಬ್ಬರಲ್ಲಿ ಉಜ್ಜೋರು ಇದಾರೆ, ಲೇಪ ಸವೆಯತ್ತೆ, ಪುಡಿ ಒಳಗೆ ಬೀಳತ್ತೆ, ಬೇಡ. ಒರೆಸಿದ ಮೇಲೂ ಎರರ್ ಬಂದ್ರೆ ಹೀಗೆ ಮಾಡಿ: ಅಪರ್ಚರನ್ನ ಪೂರ್ತಿ ತೆರೆದಿಟ್ಟು, ಅಂದ್ರೆ 18-55ರಲ್ಲಿ 18ಕ್ಕೆ ಎಫ್/3.5, ಒಂದು ಹೊಡೀರಿ. ಆಮೇಲೆ ಎಫ್/8. ಮೊದಲನೇದು ಸರಿ ಬಂದು ಎರಡನೇದಕ್ಕೆ ಎರರ್ ಬಂದ್ರೆ ಅಪರ್ಚರ್ ಭಾಗ ಹೋಗಿದೆ. ಜೂಮ್ 18ರಲ್ಲಿದ್ದಾಗ ಸರಿ, 35ರಲ್ಲಿ ಎರರ್ ಅಂತ ಆದ್ರೆ ಒಳಗಿನ ಫ್ಲೆಕ್ಸ್ ಕೇಬಲ್ (ಬಾಗೋ ತೆಳು ಪಟ್ಟಿ) ಸೀಳಿರೋ ಸಾಧ್ಯತೆ ಹೆಚ್ಚು. ಎರಡೂ ಲೆನ್ಸಿನ ದೋಷ, ಬಾಡಿ ಆರಾಮಾಗಿ ತಗೋಬಹುದು, ಗೆಳೆಯನ ಲೆನ್ಸ್ ಹಾಕಿ ಖಾತ್ರಿ ಮಾಡ್ಕೊಳ್ಳಿ. ಎರರ್ 02 ಕಾರ್ಡಿನದ್ದು, 05 ಫ್ಲಾಶ್ ಮೇಲೇಳ್ತಿಲ್ಲ ಅಂತ. 20, 30, 80 ತರದ್ದು ಬ್ಯಾಟರಿ ತೆಗೆದು ಹಾಕಿದ ಮೇಲೂ ಮತ್ತೆ ಮತ್ತೆ ಬಂದ್ರೆ ಅದು ಬಾಡಿ ಒಳಗಿನ ಸಮಸ್ಯೆ, ರಿಪೇರಿಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳ್ಸಿ ಕಾಯೋ ಗೋಳು ಯಾರಿಗೆ ಬೇಕು.

ಯಾವ ಲೆನ್ಸ್ ಯಾವ ಬಾಡಿಗೆ

ಇಲ್ಲಿ ಕೂರತ್ತೆ ಅನ್ನೋದು ಬೇರೆ, ಕೆಲ್ಸ ಮಾಡತ್ತೆ ಅನ್ನೋದು ಬೇರೆ. ನಿಕಾನೇ ಇದಕ್ಕೆ ಉದಾಹರಣೆ. 1959ರಿಂದ ಅದೇ ಎಫ್ ಮೌಂಟ್, ಹಾಗಾಗಿ ಹಳೇ ಲೆನ್ಸ್ ಹೆಚ್ಚಿನವು ಕೂರ್ತಾವೆ. ಆದ್ರೆ ಎಎಫ್, ಎಎಫ್-ಡಿ ಲೆನ್ಸಿನೊಳಗೆ ಫೋಕಸ್ ಮೋಟರ್ ಇಲ್ಲ, ಬಾಡಿಯ ಮೋಟರಿಂದ ತಿರುಗತ್ತೆ. ಡಿ40, ಡಿ60, ಡಿ3000 ಮತ್ತು ಡಿ5000 ಸೀರೀಸಿನ ಬಾಡಿಯಲ್ಲಿ ಆ ಮೋಟರ್ ಇಲ್ಲ. ಡಿ90, ಡಿ7000 ಸೀರೀಸು, ಡಿ610, ಡಿ750ರಲ್ಲಿ ಇದೆ. ಗುರುತು ಹಿಡಿಯೋದು ಸುಲಭ, ಲೆನ್ಸ್ ತೆಗೆದು ಬಾಡಿಯ ಲೋಹದ ಬಳೆ ನೋಡಿ, ಸ್ಕ್ರೂಡ್ರೈವರ್ ತುದಿ ತರ ಒಂದು ಪುಟ್ಟ ಕಡ್ಡಿ ಹೊರಗೆ ಇಣುಕ್ತಿದ್ರೆ ಮೋಟರ್ ಇದೆ. ಇದು ಯಾಕೆ ಮುಖ್ಯ ಅಂದ್ರೆ, ಯಕ್ಷಗಾನ ತೆಗೆಯೋ ಆಸೆಗೆ 50 ಎಂಎಂ ಎಫ್/1.8 ಹುಡುಕ್ತೀರಿ, ಎಎಫ್-ಡಿ ಲೆನ್ಸ್ ಕಡಿಮೆಗೆ ಸಿಗತ್ತೆ, ಡಿ3200ಗೆ ಹಾಕ್ತೀರಿ, ಫೋಟೋ ಬರತ್ತೆ ಆದ್ರೆ ಕೈಯಲ್ಲೇ ಫೋಕಸ್ ಮಾಡ್ಬೇಕು. ಚಂಡೆ ಏರಿ ವೇಷ ಧೀಂಗಿಣ ಹಾಕ್ತಿರುವಾಗ ಎಫ್/1.8ರಲ್ಲಿ ಕೈಯಲ್ಲಿ ಫೋಕಸ್ ಹಿಡಿಯೋದು ಪಳಗಿದವರಿಗೂ ಕಷ್ಟ. ಆ ಬಾಡಿಗೆ ಒಳಗೇ ಮೋಟರ್ ಇರೋ ಎಎಫ್-ಎಸ್ ಲೆನ್ಸೇ ತಗೊಳ್ಳಿ.

ಹೊಸ ಎಎಫ್-ಪಿ ಲೆನ್ಸಿನದ್ದು ಇದರ ಉಲ್ಟಾ ಕಥೆ. ಡಿ3200, ಡಿ5100, ಡಿ7000, ಡಿ90ಕ್ಕೆ ಹಾಕಿದ್ರೆ ಆಟೋ ಬಿಡಿ, ಕೈಯಲ್ಲಿ ರಿಂಗ್ ತಿರುಗಿಸಿದ್ರೂ ಫೋಕಸ್ ಆಗಲ್ಲ, ಯಾಕಂದ್ರೆ ಆ ರಿಂಗಿಗೂ ಕರೆಂಟೇ ಬೇಕು. ಡಿ3300, ಡಿ5300ಗೆ ಫರ್ಮ್‌ವೇರ್ (ಕ್ಯಾಮೆರಾ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡ್ಬೇಕು, ಡಿ3400, ಡಿ5600, ಡಿ7500ಗೆ ಸರಾಗ. ಫಿಲ್ಮ್ ಕಾಲದ ಎಐ-ಎಸ್ ಮ್ಯಾನುವಲ್ ಲೆನ್ಸ್ ಮನೇಲಿ ಇದ್ರೆ ಡಿ7000, ಡಿ7100, ಡಿ7200ರಲ್ಲಿ ಬೆಳಕು ಅಳೆಯೋ ಮೀಟರ್ ಕೆಲ್ಸ ಮಾಡತ್ತೆ, ಡಿ3200 ತರದ್ರಲ್ಲಿ ಎಂ (ಮ್ಯಾನುವಲ್) ಮೋಡಲ್ಲಿ ಅಂದಾಜು ಮೇಲೆ ಹೊಡೀಬೇಕು. 1977ಕ್ಕಿಂತ ಹಿಂದಿನ ನಾನ್-ಎಐ ಲೆನ್ಸನ್ನ ಮಾತ್ರ ಡಿ7000 ತರದ ಬಾಡಿಗೆ ಒತ್ತಿ ಕೂರಿಸ್ಬೇಡಿ, ಅಂಚಿನ ಸಣ್ಣ ಕೊಂಡಿ ಮುರಿಯತ್ತೆ.

ಕ್ಯಾನನಲ್ಲಿ ಬಣ್ಣ ನೋಡಿದ್ರೆ ಸಾಕು. ಇಎಫ್ ಲೆನ್ಸಿಗೆ ಕೆಂಪು ಚುಕ್ಕೆ, ಇಎಫ್-ಎಸ್‌ಗೆ ಬಿಳಿ ಚೌಕ. ಕೆಂಪು ಎಲ್ಲಾ ಇಒಎಸ್ (ಕ್ಯಾನನ್ ಸೀರೀಸಿನ ಹೆಸರು) ಡಿಎಸ್‌ಎಲ್‌ಆರಿಗೂ (ಒಳಗೆ ಕನ್ನಡಿ ಇರೋ ಕ್ಯಾಮೆರಾ) ಕೂರತ್ತೆ, ಬಿಳಿ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಬಾಡಿಗೆ ಮಾತ್ರ, 5ಡಿ, 6ಡಿಗೆ ಕೂರಲ್ಲ. ಮೋಟರ್ ಎಲ್ಲಾ ಲೆನ್ಸೊಳಗೇ ಇರೋದ್ರಿಂದ ನಿಕಾನಿನ ಆ ತಲೆನೋವಿಲ್ಲ. ಆದ್ರೆ ಫಿಲ್ಮ್ ಕಾಲದ ಕೆಲವು ಸಿಗ್ಮಾ ಲೆನ್ಸ್ ಡಿಜಿಟಲ್ ಬಾಡಿಗೆ ಕೂತು, ಪೂರ್ತಿ ತೆರೆದಿಟ್ಟಾಗ ಚೆನ್ನಾಗಿ ಬಂದು, ಎಫ್/8 ಅಂದ ಕೂಡ್ಲೇ ಎರರ್ ಕೊಡತ್ತೆ. ಹಾಗಾಗಿ ಯಾವ ಲೆನ್ಸನ್ನೂ ಒಂದೇ ಅಪರ್ಚರಲ್ಲಿ ನೋಡಿ ಒಪ್ಕೋಬೇಡಿ. 1987ಕ್ಕಿಂತ ಮುಂಚಿನ ಎಫ್‌ಡಿ ಲೆನ್ಸ್ ಇಒಎಸ್‌ಗೆ ಕೂರೋದೇ ಇಲ್ಲ.

ಅಡಾಪ್ಟರ್ ಹಾಕೋ ಯೋಚ್ನೆ ಇದ್ರೆ ಒಂದು ಅಳತೆ ನೆನಪಿಡಿ, ಮೌಂಟಿನಿಂದ ಸೆನ್ಸರಿಗೆ ಇರೋ ದೂರ. ನಿಕಾನ್ ಎಫ್ 46.5 ಎಂಎಂ, ಎಂ42 ಸ್ಕ್ರೂ ಲೆನ್ಸ್ 45.46, ಕ್ಯಾನನ್ ಇಎಫ್ 44, ಕ್ಯಾನನ್ ಆರ್‌ಎಫ್ 20, ಸೋನಿ ಇ 18, ನಿಕಾನ್ ಜ಼ಡ್ 16. ಲೆನ್ಸಿನ ಅಳತೆ ಬಾಡಿಯದ್ದಕ್ಕಿಂತ ಜಾಸ್ತಿ ಇದ್ರೆ ಮಧ್ಯದ ಜಾಗಕ್ಕೆ ಅಡಾಪ್ಟರ್ ಬಳೆ ಹಾಕ್ಬಹುದು, ಕಡಿಮೆ ಇದ್ರೆ ದೂರದ್ದು ಫೋಕಸ್ ಆಗಲ್ಲ. ಅದಕ್ಕೇ ನಿಕಾನ್ ಲೆನ್ಸ್ ಕ್ಯಾನನ್ ಬಾಡಿಗೆ ಹಾಕ್ಬಹುದು, ಕ್ಯಾನನ್ ಲೆನ್ಸ್ ನಿಕಾನ್ ಡಿಎಸ್‌ಎಲ್‌ಆರಿಗೆ ಸರಿ ಹೋಗಲ್ಲ, ಕನ್ನಡಿ ಇಲ್ಲದ ಮಿರರ್‌ಲೆಸ್ಸಿಗೆ (ಆರ್‌ಎಫ್, ಸೋನಿ ಇ, ಜ಼ಡ್) ಬಹುತೇಕ ಎಲ್ಲಾ ಹಳೇ ಲೆನ್ಸೂ ಹೋಗತ್ತೆ. ಕಾರವಾರದವರಿಗೆ ಪರೀಕ್ಷೆ ಸುಲಭ, ಟಾಗೋರ್ ಬೀಚಲ್ಲಿ ನಿಂತು ದೂರದ ನಡುಗಡ್ಡೆಗೆ ಫೋಕಸ್ ಮಾಡಿ, ಅದು ಚೂಪಾಗಿ ಬಂದ್ರೆ ಅಡಾಪ್ಟರ್ ಸರಿ. ಎಫ್ ಲೆನ್ಸನ್ನ ಜ಼ಡ್ ಬಾಡಿಗೆ ಕೂರಿಸೋ ನಿಕಾನಿನ ಎಫ್‌ಟಿಜ಼ಡ್ ಅಡಾಪ್ಟರಲ್ಲೂ ಮೋಟರ್ ಇಲ್ಲ, ಎಎಫ್-ಡಿ ಅಲ್ಲೂ ಮ್ಯಾನುವಲ್ಲೇ.

ತಗೊಂಡು ಬಂದ್ಮೇಲೆ

ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಚಿಕ್ಕ ಹೈಗ್ರೋಮೀಟರ್. ಮುಳ್ಳು 40ರಿಂದ 50 ಶೇಕಡಾ ತೇವದಲ್ಲಿ ಇರ್ಬೇಕು. ಬ್ಯಾಗೊಳಗೆ ತಿಂಗಳುಗಟ್ಟಲೆ ಇಡ್ಬೇಡಿ, ಅಕ್ಕಿ ಡಬ್ಬದಲ್ಲಂತೂ ಬೇಡ, ಹಿಟ್ಟು ಒಳಗೆ ಸೇರತ್ತೆ. ಬೀಚಿಂದ ಬಂದ ದಿನ ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೇಲಿ ಹೊರಮೈ ಒರೆಸಿ, ಆಮೇಲೆ ಒಣ ಬಟ್ಟೆ. ಎಸಿ ರೂಮಿಂದ ಹೊರಗೆ ಬರುವಾಗ ಕ್ಯಾಮೆರಾ ಬ್ಯಾಗಲ್ಲೇ ಇರ್ಲಿ, ಅರ್ಧ ಗಂಟೆ ಬಿಟ್ಟು ತೆಗೀರಿ, ಇಲ್ದಿದ್ರೆ ಗಾಜಿನ ಮೇಲೆ ನೀರು ಕೂರತ್ತೆ. ಸಿಲಿಕಾ ಜೆಲ್ ನೀಲಿ ಇದ್ದದ್ದು ಗುಲಾಬಿ ಆದ್ರೆ, ಕಿತ್ತಳೆ ಇದ್ದದ್ದು ಹಸಿರಾದ್ರೆ ತೇವ ತುಂಬಿದೆ ಅಂತ, ಸಣ್ಣ ಉರೀಲಿ ಬಿಸಿ ಮಾಡಿದ್ರೆ ಬಣ್ಣ ವಾಪಸ್ ಬರತ್ತೆ, ಅದಕ್ಕೆ ಬೇರೆನೇ ಪಾತ್ರೆ ಇಡಿ, ಅಡುಗೆ ಬಾಣಲೆ ಬೇಡ, ನೀಲಿ ಜೆಲ್ಲಿನಲ್ಲಿರೋ ಕೋಬಾಲ್ಟ್ ವಿಷ.